ತಂತ್ರಾಂಶ ಕೈಪಿಡಿಯ ಕನ್ನಡ: ಪಾಠಪರಿಷ್ಕರಣದ ಹೊಸದೊಂದು ಹೊಣೆ

ಕನ್ನಡ ಅಧ್ಯಯನ ವಿಭಾಗಗಳಲ್ಲಿ 'ಪಠ್ಯ' ಎಂಬ ಮಾತು ಇಂದಿಗೂ ಬಹುಮಟ್ಟಿಗೆ ಶಾಸನ, ಕಾವ್ಯ, ವಚನ, ಜನಪದ ಹಾಡು ಹಾಗೂ ಆಧುನಿಕ ಸಾಹಿತ್ಯ ಕೃತಿಗಳನ್ನೇ ಸೂಚಿಸುತ್ತದೆ. ಯಂತ್ರವೊಂದನ್ನೋ ತಂತ್ರಾಂಶವೊಂದನ್ನೋ ಬಳಸುವ ಕ್ರಮವನ್ನು ತಿಳಿಸುವ ಕೈಪಿಡಿ ಈ ಪರಿಧಿಯೊಳಗೆ ಬರುವುದಿಲ್ಲ. ಅದರಲ್ಲಿನ ಕಾಗುಣಿತವನ್ನು ತಿದ್ದುವುದು ಕರಡು ನೋಡುವವರ ಕೆಲಸ, ಪದಗಳನ್ನು ಆಯುವುದು ತಂತ್ರಜ್ಞರ ಕೆಲಸ ಎಂಬ ತಿಳಿವಳಿಕೆ ಬೇರೂರಿದೆ. ಪ್ರಸ್ತುತ ಲೇಖನವು ಈ ತಿಳಿವಳಿಕೆಯನ್ನು ಪ್ರಶ್ನಿಸುತ್ತದೆ. ತಂತ್ರಾಂಶದ ಕೈಪಿಡಿಯನ್ನು ತಿದ್ದುವ ಕೆಲಸವು ಸ್ವರೂಪದಲ್ಲಿ ಗ್ರಂಥಸಂಪಾದನೆಯೇ ಆಗಿದೆ. ಆ ಶಾಸ್ತ್ರವನ್ನು ಬಲ್ಲವರು ಅದನ್ನು ಕೈಗೆತ್ತಿಕೊಳ್ಳದಿದ್ದರೆ ಆಗುವ ತಪ್ಪುಗಳು ಕೆಲವೊಮ್ಮೆ ಮತ್ತೆ ತಿದ್ದಲಾಗದಂತೆ ಸ್ಥಿರಗೊಳ್ಳುತ್ತವೆ ಎಂಬುದು ಇಲ್ಲಿನ ವಾದ. ಈ ವಾದದ ಪರೀಕ್ಷೆಗೆ ಸರಣಿ ಸಂವಹನ ತಂತ್ರಾಂಶದ ಕೈಪಿಡಿಯನ್ನು ಮಾದರಿಯಾಗಿಯೂ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಪರಿಸರವನ್ನು ನೆಲೆಯಾಗಿಯೂ ಇಟ್ಟುಕೊಳ್ಳಲಾಗಿದೆ.

ಸರಣಿ ಸಂವಹನದ ಸ್ವರೂಪ

ಎರಡು ಯಂತ್ರಗಳ ನಡುವೆ ಮಾಹಿತಿಯ ಕಣಗಳು, ಅಂದರೆ ಬಿಟ್‌ಗಳು, ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಸಾಲಾಗಿ ಸಾಗುವ ವಿಧಾನವೇ ಸರಣಿ ಸಂವಹನ. ಇದಕ್ಕೆ ಸಂಬಂಧಿಸಿದ ಆರ್‌ಎಸ್-232 ಎಂಬ ಶಿಷ್ಟತೆಯು ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಆರಂಭವಾದ ಕರ್ಮಿಟ್, 1990ರ ದಶಕದ ಆರಂಭದಲ್ಲಿ ಮಿಕೆಲ್ ಫಾನ್ ಸ್ಮೂರೆನ್‌ಬರ್ಗ್ ಅವರು ಲಿನಕ್ಸ್‌ಗಾಗಿ ಬರೆದ ಮಿನಿಕಾಮ್ ಮೊದಲಾದವು ಈ ಬಗೆಯ ಸಂವಹನವನ್ನು ನಿರ್ವಹಿಸುವ ತಂತ್ರಾಂಶಗಳು. ಹೊಸ ಗಣಕಗಳಲ್ಲಿ ಹಳೆಯ ಸರಣಿ ಜೋಡಣೆ ಕಣ್ಮರೆಯಾಗಿದ್ದರೂ ವಿಧಾನ ಕಣ್ಮರೆಯಾಗಿಲ್ಲ. ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಜ್ಜಿನ ಸೂಚಕವು ತೂಕದ ಅಂಕಿಗಳನ್ನು ಗಣಕಕ್ಕೆ ಕಳಿಸುವುದು ಸಾಮಾನ್ಯವಾಗಿ ಈ ವಿಧಾನದಿಂದಲೇ. ಸಕ್ಕರೆ ಕಾರ್ಖಾನೆಗಳು ಹೆಚ್ಚಿರುವ ಬಾಗಲಕೋಟೆ ಜಿಲ್ಲೆಯಲ್ಲಿ ಇದು ದೂರದ ಸಂಗತಿಯಲ್ಲ. ರೈತನ ವರ್ಷದ ದುಡಿಮೆಯು ಅಂಕಿಯಾಗಿ ದಾಖಲಾಗುವುದು ಆ ತಂತಿಯ ತುದಿಯಲ್ಲಿ.

ಈ ಸಂವಹನದ ಮೂಲ ನಿಯಮ ಒಂದೇ: ಕಳಿಸುವ ಮತ್ತು ಪಡೆಯುವ ಯಂತ್ರಗಳೆರಡೂ ಒಂದೇ ಹೊಂದಿಕೆಯಲ್ಲಿರಬೇಕು. ವೇಗ, ಪ್ರತಿ ಅಕ್ಷರಕ್ಕೆ ಬಳಸುವ ಬಿಟ್‌ಗಳ ಸಂಖ್ಯೆ, ಸಮ-ಬೆಸದ ತಾಳೆ, ನಿಲುಗಡೆಯ ಬಿಟ್ ಇವು ನಾಲ್ಕೂ ಎರಡೂ ಬದಿಗಳಲ್ಲಿ ಒಂದೇ ಆಗಿರಬೇಕು. ಒಂದು ತಪ್ಪಿದರೂ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಕನ್ನಡದ ಮಟ್ಟಿಗೆ ಇದರ ಪರಿಣಾಮ ವಿಶೇಷವಾದುದು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ಕ, ವಿರಾಮಚಿಹ್ನೆ, ಷ ಎಂಬ ಮೂರು ಸಂಕೇತಗಳಿಂದಾದ 'ಕ್ಷ' ಒಂಬತ್ತು ಬೈಟ್‌ಗಳನ್ನು ಬೇಡುತ್ತದೆ. ಈ ಬೈಟ್‌ಗಳೆಲ್ಲವುಗಳಲ್ಲಿ ಎಂಟನೆಯ ಬಿಟ್ ಅಗತ್ಯ. ಇಂಗ್ಲಿಷಿಗಾಗಿ ಏಳು ಬಿಟ್‌ಗಳಿಗೆ ಹೊಂದಿಸಿದ ಹಳೆಯ ಜೋಡಣೆಯಲ್ಲಿ ಕನ್ನಡ ಪಠ್ಯವನ್ನು ಹರಿಸಿದರೆ ಆ ಎಂಟನೆಯ ಬಿಟ್ ಕಳಚಿಹೋಗಿ, ಇಡೀ ಪಠ್ಯ ಇಂಗ್ಲಿಷ್ ಚಿಹ್ನೆಗಳ ಹಾಗೂ 2, 3 ಎಂಬ ಅಂಕಿಗಳ ರಾಶಿಯಾಗುತ್ತದೆ. ಅಷ್ಟೇ ಅಲ್ಲ, 'ಓ' ಅಕ್ಷರದ ಕೊನೆಯ ಬೈಟ್ ತನ್ನ ಎಂಟನೆಯ ಬಿಟ್ಟನ್ನು ಕಳೆದುಕೊಂಡಾಗ 'ಕಳಿಸುವುದನ್ನು ನಿಲ್ಲಿಸು' ಎಂಬ ನಿಯಂತ್ರಣ ಸಂಕೇತವಾಗಿ ಮಾರ್ಪಡುತ್ತದೆ. ಸಂಕೇತಗಳ ಮೂಲಕ ಹರಿವನ್ನು ನಿಯಂತ್ರಿಸುವ ಹೊಂದಿಕೆ ಜಾರಿಯಲ್ಲಿದ್ದರೆ ಪಠ್ಯದಲ್ಲಿನ ಒಂದು 'ಓ'ಕಾರವೇ ಸಂವಹನವನ್ನು ತಡೆದು ನಿಲ್ಲಿಸಬಹುದು. ಹೀಗಿರುವಾಗ ಕೈಪಿಡಿಯಲ್ಲಿನ ಒಂದು ವಾಕ್ಯದ ಖಚಿತತೆ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಾಗುಣಿತದ ನೆಲೆ

ಸಾಹಿತ್ಯ ಕೃತಿಯಲ್ಲಿ ಕಾಗುಣಿತದ ಸ್ಖಾಲಿತ್ಯವನ್ನು ಸಹೃದಯನು ಸಂದರ್ಭದಿಂದ ಸರಿಪಡಿಸಿಕೊಂಡು ಓದುತ್ತಾನೆ. ಕೈಪಿಡಿಯ ಓದುಗನಿಗೆ ಈ ಅವಕಾಶ ಕಡಿಮೆ. ಅವನು ಓದುವುದು ಅರೆಬರೆಯಾಗಿ, ಯಂತ್ರದ ಮುಂದೆ ನಿಂತು, ಬೇಕಾದ ಒಂದು ಸಾಲನ್ನು ಮಾತ್ರ. ಆ ಸಾಲಿನ ಆಚೀಚಿನ ಸಂದರ್ಭ ಅವನ ನೆರವಿಗೆ ಬರುವುದಿಲ್ಲ.

ಕನ್ನಡ ತಂತ್ರಾಂಶಗಳಲ್ಲಿ ದಿನನಿತ್ಯ ಕಾಣುವ 'ಉಳಿಸು', 'ಅಳಿಸು' ಎಂಬ ಜೋಡಿಯನ್ನು ಗಮನಿಸಬಹುದು. ಇವೆರಡಕ್ಕೂ ಇರುವ ವ್ಯತ್ಯಾಸ ಮೊದಲಿನ ಒಂದು ಸ್ವರ. ಅರ್ಥದಲ್ಲಿ ಇವು ಒಂದಕ್ಕೊಂದು ವಿರುದ್ಧ. ಬೆರಳಚ್ಚಿನಲ್ಲಿ ಒಂದು ಕೀಲಿ ತಪ್ಪಿದರೆ ಕಡತವನ್ನು ಕಾಪಾಡುವ ಸೂಚನೆಯು ಅದನ್ನು ನಾಶಮಾಡುವ ಸೂಚನೆಯಾಗುತ್ತದೆ. ಎರಡೂ ಶುದ್ಧ ಕನ್ನಡ ಪದಗಳೇ ಆಗಿರುವುದರಿಂದ ಕಾಗುಣಿತ ತಪಾಸಕ ತಂತ್ರಾಂಶವು ಇಲ್ಲಿ ಎಚ್ಚರಿಸುವುದಿಲ್ಲ. ಸಂವಹನ ತಂತ್ರಾಂಶದಲ್ಲಿ ಇದಕ್ಕೆ ಸಮನಾದ ಇನ್ನೊಂದು ಜೋಡಿ 'ಕಳಿಸು', 'ಕಲಿಸು'. ಲಕಾರ-ಳಕಾರಗಳ ವ್ಯತ್ಯಾಸವನ್ನು ತರಗತಿಯಲ್ಲಿ ವರ್ಷಗಟ್ಟಲೆ ತಿದ್ದುತ್ತ ಬಂದ ಕನ್ನಡ ಅಧ್ಯಾಪಕನ ಕಣ್ಣು ಇಂತಹ ಎಡೆಗಳಲ್ಲಿ ನಿಲ್ಲುವಷ್ಟು ಬೇರೆಯವರ ಕಣ್ಣು ನಿಲ್ಲಲಾರದು.

ಎರವಲು ಪದಗಳ ಬರೆವಣಿಗೆಯಲ್ಲಿ ಸಮಸ್ಯೆ ಬೇರೆ ಬಗೆಯದು. ಸಂವಹನದ ವೇಗವನ್ನು ಅಳೆಯುವ ಮಾನಕ್ಕೆ ಫ್ರೆಂಚ್ ತಂತಿ ತಜ್ಞ ಎಮಿಲ್ ಬೋಡೊ ಅವರ ಹೆಸರು ಬಂದಿದೆ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಈ ಪದವನ್ನು ಬಾಡ್, ಬೌಡ್, ಬೋಡ್ ಎಂದು ಮೂರು ರೀತಿಯಲ್ಲಿ ಬರೆಯಲು ಸಾಧ್ಯ. ಮೂರರಲ್ಲಿ ಯಾವುದು ಶುದ್ಧ ಎಂಬ ಚರ್ಚೆಗೆ ಕೊನೆಯಿಲ್ಲ; ಕೈಪಿಡಿಯೊಂದರಲ್ಲಿ ಮೂರೂ ಬರಕೂಡದು ಎಂಬುದರಲ್ಲಿ ಚರ್ಚೆಯೇ ಇಲ್ಲ. ಒಂದೇ ಕೃತಿಯಲ್ಲಿ ಮೂರು ರೂಪಗಳು ಕಂಡರೆ ವಿದ್ಯಾರ್ಥಿ ಅವನ್ನು ಮೂರು ಬೇರೆ ಬೇರೆ ಮಾನಗಳೆಂದು ಭಾವಿಸುವುದು ಸಹಜ. ಒಂದು ರೂಪವನ್ನು ಆಯ್ದು, ಉಳಿದವನ್ನು ಪದಸೂಚಿಯಲ್ಲಿ ಪಾಠಾಂತರಗಳಾಗಿ ದಾಖಲಿಸಿ, ಅವುಗಳಿಂದ ಆಯ್ದ ರೂಪಕ್ಕೆ ದಾರಿ ತೋರುವುದು ಸಂಪಾದಕನ ಕ್ರಮ. ಹಸ್ತಪ್ರತಿಗಳ ಸಂಪಾದನೆಯಲ್ಲಿ ಅನುಸರಿಸಲಾಗುವ ವಿಧಾನವೇ ಇಲ್ಲಿಗೂ ಸಲ್ಲುತ್ತದೆ.

ಪದಪ್ರಯೋಗದ ನೆಲೆ

ಕಾಗುಣಿತ ಶುದ್ಧವಾಗಿದ್ದೂ ಪದ ತಪ್ಪಾಗುವ ಸಂದರ್ಭಗಳು ಹೆಚ್ಚು ಅಪಾಯಕಾರಿ. ಸಮ-ಬೆಸದ ತಾಳೆಗೆ ಇಂಗ್ಲಿಷಿನಲ್ಲಿ ಪ್ಯಾರಿಟಿ ಎಂಬ ಹೆಸರಿದೆ. ನಿಘಂಟನ್ನು ನೋಡಿ ಅದನ್ನು 'ಸಮಾನತೆ' ಎಂದು ಕನ್ನಡಿಸಿದರೆ ಓದುಗನ ಮನಸ್ಸು ಸಾಮಾಜಿಕ ಪರಿಕಲ್ಪನೆಯತ್ತ ಹೋಗುತ್ತದೆ. ಒಂದು ಅಕ್ಷರದಲ್ಲಿನ ಒಂದುಗಳ ಎಣಿಕೆ ಸಮಸಂಖ್ಯೆಯೋ ಬೆಸಸಂಖ್ಯೆಯೋ ಎಂದು ತಾಳೆ ನೋಡುವುದಷ್ಟೇ ಅಲ್ಲಿನ ವಿಷಯ. 'ಸರಿ-ಬೆಸ' ಎಂಬ ರೂಢಿಯ ನುಡಿ ಕನ್ನಡದಲ್ಲಿ ಸಿದ್ಧವಾಗಿದೆ. ಆದರೆ ಒಪ್ಪಿಗೆಯ ಗುಂಡಿಯ ಮೇಲೆ 'ಸರಿ' ಎಂದು ಬರೆಯುವ ರೂಢಿ ತಂತ್ರಾಂಶಗಳಲ್ಲಿ ನೆಲೆಗೊಂಡಿರುವುದರಿಂದ, ಅದೇ ಪರದೆಯಲ್ಲಿ 'ಸರಿ' ಎಂದರೆ ಒಪ್ಪಿಗೆಯೋ ಸಮಸಂಖ್ಯೆಯೋ ಎಂಬ ಗೊಂದಲ ಹುಟ್ಟುತ್ತದೆ. ಆದ್ದರಿಂದ ಇಲ್ಲಿ 'ಸಮ-ಬೆಸ' ಎನ್ನುವುದೇ ಯುಕ್ತ. ನಿಘಂಟು ಕೊಡುವ ಅರ್ಥ, ರೂಢಿಯ ಅರ್ಥ, ಸಂದರ್ಭದ ಅರ್ಥ ಈ ಮೂರನ್ನೂ ಒಟ್ಟಿಗೆ ತೂಗಿ ನೋಡುವ ಇಂತಹ ವಿವೇಚನೆ ಭಾಷಾಧ್ಯಯನದ ಒಳಗಿನದೇ ಆಗಿದೆ.

ಪ್ರಾದೇಶಿಕ ಪ್ರಭೇದಗಳ ಪ್ರಶ್ನೆಯೂ ಇದರೊಂದಿಗೆ ಸೇರಿಕೊಳ್ಳುತ್ತದೆ. 'ತೆಗೆ' ಎಂಬ ಧಾತುವಿಗೆ ಬಾಗಲಕೋಟೆಯ ಕಡೆಯ ಆಡುನುಡಿಯಲ್ಲಿ 'ತೆರೆ' ಎಂಬ ಅರ್ಥವೂ ಇದೆ; ಅಲ್ಲಿ ಬಾಗಿಲು 'ತೆಗಿ' ಎಂದರೆ ಬಾಗಿಲನ್ನು ತೆರೆಯುವುದು. ಗ್ರಂಥಸ್ಥ ಭಾಷೆಯ ತಂತ್ರಾಂಶದಲ್ಲಿ 'ಕಡತ ತೆಗೆ' ಎಂಬ ಸೂಚನೆಯನ್ನು ಕೈಬಿಡುವ ಅರ್ಥದಲ್ಲಿ ಬಳಸಿದರೆ, ಈ ಭಾಗದ ಓದುಗ ಅದನ್ನು ತೆರೆಯುವ ಸೂಚನೆಯೆಂದು ತಿಳಿದು ಒತ್ತುವ ಸಾಧ್ಯತೆಯಿದೆ. ಪರಿಹಾರ ಸರಳ: ಒಂದಕ್ಕೆ 'ತೆರೆ', ಇನ್ನೊಂದಕ್ಕೆ 'ಅಳಿಸು' ಎಂದು ನಿಗದಿಪಡಿಸಿ, 'ತೆಗೆ'ಯನ್ನು ಕೈಪಿಡಿಯಿಂದಲೇ ಹೊರಗಿಡುವುದು. ಆದರೆ ಸಮಸ್ಯೆ ಇದೆಯೆಂದು ಗುರುತಿಸಲು ಉಪಭಾಷೆಗಳ ತಿಳಿವಳಿಕೆ ಬೇಕು. ಬೆಂಗಳೂರಿನಲ್ಲಿ ಕುಳಿತು ಸಿದ್ಧಪಡಿಸಿದ ಪದಪಟ್ಟಿಗೆ ಹುನಗುಂದದ ಓದು ತಗಲುವವರೆಗೆ ಇದು ಬೆಳಕಿಗೆ ಬರುವುದಿಲ್ಲ.

ಪ್ರಾದೇಶಿಕ ನುಡಿ ಬರಿಯ ತೊಡಕಲ್ಲ, ಸಂಪತ್ತೂ ಹೌದು. ಅಂತರಜಾಲದ ಪುಟಗಳನ್ನು ಜೋಡಿಸುವ ಸಂಪರ್ಕಕ್ಕೆ ಕನ್ನಡದಲ್ಲಿ 'ಕೊಂಡಿ' ಎಂಬ ಪದ ನೆಲೆಗೊಂಡಿದೆ. 2007ರ ಸುಮಾರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಳಕಲ್ ಸೀರೆಯ ನೇಯ್ಗೆಯಲ್ಲಿ ಮೂರು ಲಾಳಿಗಳಿಂದ ಹೊಕ್ಕನ್ನು ಹಾಯಿಸುವ ವಿಧಾನಕ್ಕೂ 'ಕೊಂಡಿ' ಎಂಬುದೇ ಹೆಸರು; ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಜೋಡಿಸುವುದು 'ಟೋಪ್ ತೆನಿ'. ಹಾಸು, ಹೊಕ್ಕು, ಎಳೆ, ಲಾಳಿ, ಕೊಂಡಿ ಇವು ಜೋಡಣೆ ಮತ್ತು ಕ್ರಮವನ್ನು ಹೇಳುವ ನುಡಿಗಳು. ತಾಂತ್ರಿಕ ಪದಗಳನ್ನು ಸಂಸ್ಕೃತದ ಧಾತುಗಳಿಂದ ಕಟ್ಟುವ ಮೊದಲು ಕಸುಬುಗಳ ಪದಕೋಶವನ್ನು ಒಮ್ಮೆ ನೋಡುವುದು ಉಚಿತ. ಎಲ್ಲವೂ ಸಲ್ಲದಿರಬಹುದು, ನೋಡದೆಯೇ ಬಿಡುವುದು ಮಾತ್ರ ವಿದ್ವತ್ತಿನ ಲಕ್ಷಣವಲ್ಲ.

ಪದಕ್ಕಿಂತ ಗಂಭೀರವಾದುದು ವಿಧಿ-ನಿಷೇಧಗಳ ಪ್ರಶ್ನೆ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವ ಮಂಡಲಿಯು 1997ರಲ್ಲಿ ಪ್ರಕಟಿಸಿದ 2119ನೆಯ ದಾಖಲೆ ಇಂಗ್ಲಿಷಿನ ಮಸ್ಟ್, ಶುಡ್, ಮೇ ಮೊದಲಾದ ಸಹಾಯಕ ಪದಗಳಿಗೆ ಒಂದೊಂದೇ ಅರ್ಥವನ್ನು ನಿಗದಿಪಡಿಸಿತು. ಕನ್ನಡದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಸಮೃದ್ಧವಾಗಿದೆ: ತಕ್ಕದ್ದು, ಬೇಕು, ಬಹುದು, ಬೇಕಿಲ್ಲ, ಬಾರದು, ಕೂಡದು. ಆದರೆ ಇವುಗಳ ನಡುವಣ ಅಂತರವನ್ನು ಕೈಪಿಡಿಗಳಿಗಾಗಿ ಕಟ್ಟುನಿಟ್ಟಾಗಿ ಗೊತ್ತುಪಡಿಸುವ ಕೆಲಸಕ್ಕೆ ವೈಯಾಕರಣರು ಮನಸ್ಸು ಕೊಡಬೇಕಾಗಿದೆ. ಅಕ್ಷರಗಳಲ್ಲದ ದತ್ತಾಂಶವನ್ನು ಕಳಿಸುವಾಗ ಸಂಕೇತಮೂಲಕ ಹರಿವಿನ ನಿಯಂತ್ರಣವನ್ನು ಜಾರಿಯಲ್ಲಿಡಕೂಡದು. ಇಟ್ಟರೆ ದತ್ತಾಂಶದೊಳಗಿನ ಕೆಲವು ಬೈಟ್‌ಗಳೇ ನಿಯಂತ್ರಣದ ಆಜ್ಞೆಗಳಾಗಿ ಗ್ರಹಿಸಲ್ಪಡುತ್ತವೆ. ಈ ವಾಕ್ಯದ 'ಇಡಕೂಡದು' ಎಂಬುದು 'ಇಡಬೇಕಿಲ್ಲ' ಎಂದಾದರೆ ವ್ಯಾಕರಣ ಕೆಡುವುದಿಲ್ಲ, ಓಟ ಕೆಡುವುದಿಲ್ಲ. ನಿಷೇಧವು ಐಚ್ಛಿಕವಾಗುತ್ತದೆ, ಕಡತ ಕೆಡುತ್ತದೆ.

ಇಲ್ಲಿ ಸಾಹಿತ್ಯಾಭ್ಯಾಸದಿಂದ ಬಂದ ಒಂದು ಅಭಿರುಚಿಯನ್ನು ಬದಿಗಿಡಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. ಒಂದೇ ಪದ ಮತ್ತೆ ಮತ್ತೆ ಬಂದರೆ ಅದು ಶೈಲಿಯ ದೋಷವೆಂದು ಭಾವಿಸಿ ಪರ್ಯಾಯ ಪದಗಳನ್ನು ಹುಡುಕುವುದು ಸಾಹಿತ್ಯದ ಅಧ್ಯಾಪಕರ ರೂಢಿ. ಕೈಪಿಡಿಯಲ್ಲಿ 'ಕಳಿಸು' ಎಂದು ಆರಂಭಿಸಿದವನು ಮುಂದಿನ ಪುಟದಲ್ಲಿ 'ರವಾನಿಸು' ಎಂದೂ ಅದರಾಚೆ 'ಪ್ರೇಷಿಸು' ಎಂದೂ ಬರೆದರೆ ಅದು ಗುಣವಲ್ಲ. ಪುನರುಕ್ತಿ ಇಲ್ಲಿ ಗುಣ. ತಿದ್ದುವವನು ತನ್ನ ಕಿವಿಗೆ ಹಿತವೆನಿಸುವುದನ್ನು ಹುಡುಕದೆ ಓದುಗನಿಗೆ ನಿಶ್ಚಿತವೆನಿಸುವುದನ್ನು ಹುಡುಕಬೇಕು.

ತಿದ್ದಬಾರದುದರ ಅರಿವು

ಗ್ರಂಥಸಂಪಾದನ ಶಾಸ್ತ್ರವು ತಿದ್ದುವುದನ್ನು ಕಲಿಸುವಷ್ಟೇ ತಿದ್ದದಿರುವುದನ್ನೂ ಕಲಿಸುತ್ತದೆ. ಡಿ.ಎಲ್. ನರಸಿಂಹಾಚಾರ್ ಹಾಗೂ ಎಂ.ಎಂ. ಕಲಬುರ್ಗಿ ಅವರು ಈ ಶಾಸ್ತ್ರವನ್ನು ಕನ್ನಡದಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ಮೇಲೆ, ಪ್ರತಿಯಲ್ಲಿನ ಪ್ರತಿಯೊಂದು ಅಪರಿಚಿತ ರೂಪವನ್ನೂ ತಪ್ಪೆಂದು ಸವರುವ ಹಳೆಯ ಚಾಳಿ ಹಿಂದೆ ಸರಿಯಿತು. ತಂತ್ರಾಂಶದ ಕೈಪಿಡಿಗೆ ಈ ಸಂಯಮ ಇನ್ನೂ ಹೆಚ್ಚು ಅಗತ್ಯ. ಆಜ್ಞೆಗಳು, ಆಯ್ಕೆಗಳ ಹೆಸರುಗಳು, ಕಡತಗಳ ಹೆಸರುಗಳು ನೋಡಲು ಅಶುದ್ಧವಾಗಿ ಕಂಡರೂ ಅವು ಯಂತ್ರವು ಗುರುತಿಸುವ ರೂಪಗಳು. ಜಾಲಪುಟವನ್ನು ಕೋರುವ ಎಚ್‌ಟಿಟಿಪಿ ನಿಯಮದಲ್ಲಿ 'ರೆಫರರ್' ಎಂಬ ಶೀರ್ಷಿಕೆಯ ಇಂಗ್ಲಿಷ್ ಬರೆವಣಿಗೆಯಲ್ಲಿ ಒಂದು 'ಆರ್' ಅಕ್ಷರ ಬಿಟ್ಟುಹೋಗಿದೆ. 1996ರ ದಾಖಲೆಯಲ್ಲಿ ಆ ತಪ್ಪು ಹಾಗೆಯೇ ಸೇರಿತು. ಇಂದಿಗೂ ಜಗತ್ತಿನ ಜಾಲತಾಣಗಳೆಲ್ಲ ಆ ತಪ್ಪು ಕಾಗುಣಿತದಲ್ಲಿಯೇ ವ್ಯವಹರಿಸುತ್ತವೆ. ಅದನ್ನು ತಿದ್ದಿ ಬರೆದ ಕೈಪಿಡಿ ಶುದ್ಧವಾಗಿರುತ್ತದೆ, ನಿರುಪಯುಕ್ತವಾಗಿರುತ್ತದೆ. ಅಂತಹ ಕಡೆ ಮೂಲಪಾಠವನ್ನು ಉಳಿಸಿ ಅಡಿಟಿಪ್ಪಣಿಯಲ್ಲಿ ವಿವರಿಸುವುದೇ ಮಾರ್ಗ.

ತಿದ್ದುಪಡಿಯೊಂದು ಎಲ್ಲೆಲ್ಲಿಗೆ ಹರಿಯುತ್ತದೆ ಎಂಬುದನ್ನೂ ಸಂಪಾದಕ ತಿಳಿದಿರಬೇಕು. ಮಿನಿಕಾಮ್ ಸೇರಿದಂತೆ ಅನೇಕ ಮುಕ್ತ ತಂತ್ರಾಂಶಗಳು ತಮ್ಮ ಸಂದೇಶಗಳ ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯನ್ನು ಬಳಸುತ್ತವೆ. ಅದರಲ್ಲಿ ಇಂಗ್ಲಿಷ್ ಮೂಲವಾಕ್ಯವೇ ಎಲ್ಲ ಭಾಷೆಗಳ ಅನುವಾದಗಳಿಗೂ ಕೀಲಿಕೈ. ಮೂಲದಲ್ಲಿ ಒಂದು ಅಕ್ಷರವನ್ನು ತಿದ್ದಿದರೂ ಅದಕ್ಕೆ ಹೊಂದಿಕೊಂಡ ಅನುವಾದಗಳೆಲ್ಲ 'ಸಂದಿಗ್ಧ' ಎಂಬ ಗುರುತು ಪಡೆದು, ಆಯಾ ಭಾಷೆಯವರು ಮರುಪರಿಶೀಲಿಸುವವರೆಗೆ ಬಳಕೆಯಿಂದ ಹೊರಗುಳಿಯುತ್ತವೆ. ಮಾತೃಪ್ರತಿಯಲ್ಲಿನ ಬದಲಾವಣೆ ಅದರ ಪೀಳಿಗೆಯ ಪ್ರತಿಗಳಿಗೆಲ್ಲ ಸಾಗುವ ಪರಿಯನ್ನು ಪ್ರತಿವಂಶಗಳ ಅಧ್ಯಯನದಿಂದ ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಇಲ್ಲಿಯೂ ಪ್ರತಿಗಳಿವೆ, ಪಾಠಾಂತರಗಳಿವೆ, ಯಾರು ಯಾವಾಗ ಏಕೆ ತಿದ್ದಿದರೆಂಬ ದಾಖಲೆಯಿದೆ. ತಾಳೆಗರಿಯ ಲಿಪಿಕಾರನು ತನ್ನ ತಪ್ಪುಗಳನ್ನು ತಿದ್ದಿಕೊಂಡು ಓದಬೇಕೆಂದು ಓದುಗರನ್ನು ಬೇಡುತ್ತಿದ್ದ. ಬಿಟ್ಟುಹೋದ ಅಕ್ಷರವನ್ನು ಹಂಸಪಾದದಿಂದ ಗುರುತಿಸುತ್ತಿದ್ದ. ಮುಕ್ತ ತಂತ್ರಾಂಶದ ಕೈಪಿಡಿಯೂ ಓದುಗನಿಗೆ ತಿದ್ದುವ ಹಕ್ಕನ್ನು ಕೊಡುತ್ತದೆ.

ಒಂದು ಅಕ್ಷರದ ಹೆಸರು

ವಿದ್ವಾಂಸರ ಗೈರುಹಾಜರಿಯಿಂದ ಏನಾಗಬಹುದು ಎಂಬುದಕ್ಕೆ ಕನ್ನಡದಲ್ಲಿಯೇ ಒಂದು ನಿದರ್ಶನವಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ನಿಗದಿಪಡಿಸಿರುವ ಯೂನಿಕೋಡ್ ಶಿಷ್ಟತೆಯಲ್ಲಿ ಹಳಗನ್ನಡದ 'ೞ' ಅಕ್ಷರಕ್ಕೂ ಸ್ಥಾನ ದೊರೆಯಿತು. ಆದರೆ ಅದಕ್ಕೆ ಕೊಟ್ಟ ಅಧಿಕೃತ ಹೆಸರು 'ಕನ್ನಡ ಲೆಟರ್ ಫ'. ಪಕಾರದ ವರ್ಗಕ್ಕೂ ಈ ಅಕ್ಷರಕ್ಕೂ ಧ್ವನಿಯಲ್ಲಾಗಲಿ ಚರಿತ್ರೆಯಲ್ಲಾಗಲಿ ಸಂಬಂಧವಿಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವೇಚಿಸಿ ಈ ಅಕ್ಷರದ ಸ್ಥಾನವನ್ನು ಸ್ಪಷ್ಟಪಡಿಸಿದ್ದಾನೆ. ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿಯೂ ಬಲ್ಲ ಈ ಸಂಗತಿ ಜಾಗತಿಕ ದಾಖಲೆಯನ್ನು ರೂಪಿಸಿದವರನ್ನು ತಲುಪಲಿಲ್ಲ.

ತಪ್ಪು ಗೊತ್ತಾದ ಮೇಲಾದರೂ ತಿದ್ದಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ತಿದ್ದಲು ಸಾಧ್ಯವಿಲ್ಲ. ಒಮ್ಮೆ ಪ್ರಕಟವಾದ ಅಕ್ಷರನಾಮವನ್ನು ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡ್‌ನ ಸ್ಥಿರತೆಯ ನಿಯಮ. ಆ ಹೆಸರುಗಳನ್ನು ಆಧರಿಸಿ ಅಸಂಖ್ಯಾತ ತಂತ್ರಾಂಶಗಳು ಕೆಲಸ ಮಾಡುತ್ತಿರುತ್ತವೆ. ಆದ್ದರಿಂದ 'ಈ ಹೆಸರು ತಪ್ಪು' ಎಂಬ ಟಿಪ್ಪಣಿಯನ್ನೂ 'ಳ್ಳ್ಳ' ಎಂಬುದಕ್ಕೆ ಸಮನಾದ ಒಂದು ಔಪಚಾರಿಕ ಪರ್ಯಾಯನಾಮವನ್ನೂ ಸೇರಿಸಿ ಸುಮ್ಮನಾಗಬೇಕಾಯಿತು. ತಪ್ಪು ಹೆಸರು ಹಾಗೆಯೇ ಉಳಿದಿದೆ. ಇದು ಕನ್ನಡಕ್ಕೆ ಮಾತ್ರ ಆದ ಅನ್ಯಾಯವೇನಲ್ಲ; ಅದೇ ಶಿಷ್ಟತೆಯಲ್ಲಿ ಒಂದು ಆವರಣ ಚಿಹ್ನೆಯ ಹೆಸರಿನಲ್ಲಿ 'ಬ್ರ್ಯಾಕೆಟ್' ಎಂಬ ಇಂಗ್ಲಿಷ್ ಪದದ ಎರಡು ಅಕ್ಷರಗಳು ಸ್ಥಳಪಲ್ಲಟಗೊಂಡು ಹಾಗೆಯೇ ಶಾಶ್ವತವಾಗಿವೆ. ಶಿಲಾಶಾಸನದ ಅಕ್ಷರದೋಷ ಅಳಿಸಲಾಗದುದೆಂದು ಹೇಳುವುದುಂಟು. ಸಂಕೇತಶಾಸನದ ದೋಷವೂ ಹಾಗೆಯೇ.

ಈ ಪ್ರಸಂಗದ ಮುಂದೆ ಬಾದಾಮಿಯನ್ನು ನೆನೆಯುವುದು ಅಪ್ರಸ್ತುತವಾಗದು. ಶಕವರ್ಷ 500ಕ್ಕೆ, ಅಂದರೆ ಕ್ರಿ.ಶ. 578ಕ್ಕೆ ಸಲ್ಲುವ ಮಂಗಳೇಶನ ವೈಷ್ಣವ ಗುಹೆಯ ಬಳಿ ಕನ್ನಡ ಶಾಸನವಿದೆ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವು ಅದೇ ಊರಿನ ಬಂಡೆಯ ಮೇಲಿದ್ದು, ಅದರ ಪಾಠವನ್ನು ಜೆ.ಎಫ್. ಫ್ಲೀಟ್ 1881ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ಱಕಾರ, ೞಕಾರಗಳು ಪ್ರತ್ಯೇಕ ಅಕ್ಷರಗಳಾಗಿ ಬಾಳುತ್ತಿದ್ದ ಕಾಲದ ಬರೆಹಗಳಿವು. ಈ ಪರಂಪರೆಯ ಜ್ಞಾನ ತಂತ್ರಜ್ಞಾನಕ್ಕೆ ನೇರವಾಗಿ ಬೇಕಾದುದು ಎಂಬುದಕ್ಕೆ ಇತ್ತೀಚಿನ ಸಾಕ್ಷ್ಯವೂ ಇದೆ. ಹಳಗನ್ನಡದ 'ನಕಾರ ಪೊಲ್ಲು' ಯೂನಿಕೋಡಿಗೆ ಸೇರ್ಪಡೆಯಾದುದು 2021ರಲ್ಲಿ. ಅಂತಹ ಸೇರ್ಪಡೆಗಳಿಗೆ ಆಧಾರವಾಗುವುದು ಹಳೆಯ ಬರೆಹಗಳಲ್ಲಿನ ಪ್ರಯೋಗಗಳೇ.

ಊರುಗಳ ಹೆಸರು

ಅಕ್ಷರದ ಹೆಸರಿಗೆ ಆದುದು ಊರಿನ ಹೆಸರಿಗೂ ಆಗಬಹುದು. ವೇಬ್ರಿಜ್ಜಿನ ಚೀಟಿಯಿಂದ ಹಿಡಿದು ಅಂಚೆಯ ವಿಳಾಸದವರೆಗೆ ಸ್ಥಳನಾಮಗಳು ಅನೇಕ ವೇಳೆ ಮೊದಲು ಇಂಗ್ಲಿಷಿನಲ್ಲಿ ದಾಖಲಾಗಿ ಅನಂತರ ಯಾಂತ್ರಿಕವಾಗಿ ಕನ್ನಡಕ್ಕೆ ಮರಳುತ್ತವೆ. ಇಂಗ್ಲಿಷ್ ಬರೆವಣಿಗೆಯಲ್ಲಿ ಸ್ವರಗಳ ಹ್ರಸ್ವದೀರ್ಘ, ನಕಾರ-ಣಕಾರ, ಲಕಾರ-ಳಕಾರಗಳ ವಿವೇಚನೆ ಇಲ್ಲ. ಹಾಗಾಗಿ ಹುನಗುಂದವು 'ಹಂಗುಂಡ್' ಆಗಿ, ಇಳಕಲ್ಲು 'ಇಲ್ಕಲ್' ಆಗಿ, ಬಾದಾಮಿಯು 'ಬಡಾಮಿ' ಆಗಿ, ಬಾಗಲಕೋಟೆಯು 'ಬಗಲ್ಕೋಟ್' ಆಗಿ ಹಿಂತಿರುಗುವ ಸಾಧ್ಯತೆ ಸದಾ ಇರುತ್ತದೆ. ಕನ್ನಡದೊಳಗೆಯೇ ಇಳಕಲ್, ಇಳಕಲ್ಲ, ಇಳಕಲ್ಲು, ಇಲಕಲ್ ಎಂಬ ಭಿನ್ನರೂಪಗಳಿದ್ದು, ಹುಡುಕುವ ಯಂತ್ರಕ್ಕೆ ಇವು ನಾಲ್ಕೂ ನಾಲ್ಕು ಊರುಗಳು. ಶಾಸನಗಳ ಬಾಗಡಗೆಯೇ ಇಂದಿನ ಬಾಗಲಕೋಟೆ, ವಾತಾಪಿ ಹಾಗೂ ಬಾದಾವಿಗಳೇ ಇಂದಿನ ಬಾದಾಮಿ ಎಂದು ಗುರುತಿಸಿದ ಸ್ಥಳನಾಮಾಧ್ಯಯನದ ಶಿಸ್ತು ಈ ವರ್ತಮಾನದ ಪಾಠಾಂತರಗಳನ್ನೂ ಪಟ್ಟಿಮಾಡಿ ಕೊಡಬಲ್ಲದು. ಆ ಪಟ್ಟಿ ತಂತ್ರಾಂಶಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಆಕ್ಷೇಪಗಳು

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಇಂತಹ ಕೈಪಿಡಿಗಳನ್ನು ಓದುವವರಿಗೆ ಇಂಗ್ಲಿಷ್ ಬರುತ್ತದೆ, ಕನ್ನಡದ ಕೈಪಿಡಿ ಯಾರಿಗೂ ಬೇಕಿಲ್ಲ ಎಂಬುದು. ತಂತ್ರಾಂಶ ಬರೆಯುವವರ ಮಟ್ಟಿಗೆ ಇದು ನಿಜವಿರಬಹುದು. ಅದನ್ನು ಬಳಸುವವರ ಮಟ್ಟಿಗೆ ನಿಜವಲ್ಲ. ವೇಬ್ರಿಜ್ಜಿನ ಗುಮಾಸ್ತ, ಐ.ಟಿ.ಐ. ಮತ್ತು ಡಿಪ್ಲೊಮಾ ಓದಿದ ದುರಸ್ತಿಗಾರ, ಕನ್ನಡ ಮಾಧ್ಯಮದಿಂದ ತಾಂತ್ರಿಕ ಶಿಕ್ಷಣಕ್ಕೆ ಬಂದ ವಿದ್ಯಾರ್ಥಿ ಇವರು ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಬಲ್ಲರು. ನಿಷೇಧಕ್ಕೂ ವಿನಾಯಿತಿಗೂ ಇರುವ ಅಂತರವನ್ನು ಆ ಭಾಷೆಯಲ್ಲಿ ನಿಶ್ಚಯವಾಗಿ ಗ್ರಹಿಸುತ್ತಾರೆಂದು ಹೇಳಲಾಗದು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕಲ್ಪಿಸಿತು. ಅವಕಾಶವಷ್ಟೇ ಸಾಲದು, ನಂಬಬಹುದಾದ ಪಠ್ಯವೂ ಬೇಕು.

ಎರಡನೆಯದು, ಯಂತ್ರಾನುವಾದ ಈಗ ಸಾಕಷ್ಟು ಸುಧಾರಿಸಿರುವುದರಿಂದ ಮನುಷ್ಯಪರಿಷ್ಕಾರ ಅನಗತ್ಯ ಎಂಬುದು. ಯಂತ್ರಾನುವಾದ ಸುಧಾರಿಸಿರುವುದು ನಿಜ. ಆದರೆ ಹಿಂದೆ ಅದರ ತಪ್ಪುಗಳು ಒಡ್ಡೊಡ್ಡಾಗಿದ್ದು ಎಂತಹವನಿಗೂ ಕಾಣುತ್ತಿದ್ದವು. ಈಗಿನ ತಪ್ಪುಗಳು ಸರಾಗವಾದ ವಾಕ್ಯಗಳ ಒಳಗೆ ಅಡಗಿರುತ್ತವೆ. 'ಇಡಬೇಕಿಲ್ಲ' ಎಂಬುದು ಓದಲು ಎಲ್ಲಿಯೂ ಎಡವುವುದಿಲ್ಲ. ಆದ್ದರಿಂದ ಪರಿಷ್ಕಾರದ ಅಗತ್ಯ ಕಡಿಮೆಯಾಗಿಲ್ಲ. ಅದಕ್ಕೆ ಬೇಕಾದ ಎಚ್ಚರ ಹೆಚ್ಚಿದೆ.

ಮೂರನೆಯದು, ಇದು ಸಂಶೋಧನೆಯಲ್ಲ ಎಂಬುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯ ಮೂಲಕ ಅಧ್ಯಾಪಕರ ವಿದ್ವತ್ಕಾರ್ಯವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ತಂದಿತು. 2018ರ ನಿಯಮಾವಳಿಯಲ್ಲಿ ಅನುವಾದಿತ ಗ್ರಂಥ ಹಾಗೂ ಅಧ್ಯಾಯಗಳಿಗೂ ಅಂಕಗಳನ್ನು ನಿಗದಿಪಡಿಸಿತು. ಅನುವಾದಕ್ಕೆ ದೊರೆತ ಈ ಮನ್ನಣೆಯನ್ನು ತಾಂತ್ರಿಕ ಪಠ್ಯದ ಪರಿಷ್ಕರಣಕ್ಕೂ ವಿಸ್ತರಿಸಬೇಕೆಂದು ಕೇಳುವುದು ನ್ಯಾಯವೇ ಆಗಿದೆ. ಪಾಠಾಂತರಗಳನ್ನು ಸಂಗ್ರಹಿಸಿ, ಆಯ್ಕೆಗೆ ಕಾರಣ ನೀಡಿ, ಪ್ರಯೋಗದ ಆಧಾರ ತೋರಿಸಿ ಸಿದ್ಧಪಡಿಸಿದ ಪರಿಷ್ಕೃತ ಪಾಠ ಸಂಶೋಧನೆಯಲ್ಲದಿದ್ದರೆ, ಹಸ್ತಪ್ರತಿಯ ಪರಿಷ್ಕರಣವೂ ಸಂಶೋಧನೆಯಲ್ಲವೆಂದು ಹೇಳಬೇಕಾದೀತು.

ಮುಂದಿನ ದಾರಿ

ಕನ್ನಡವನ್ನು ಗಣಕಕ್ಕೆ ತಂದ ಇತಿಹಾಸದಲ್ಲಿ ತಂತ್ರಜ್ಞರ ಪಾತ್ರ ದೊಡ್ಡದು. ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳ ಬಲದಿಂದಲೇ ಕನ್ನಡ ವಿಭಾಗಗಳು ತಮ್ಮ ಪ್ರಬಂಧಗಳನ್ನು ಮುದ್ರಿಸಿಕೊಂಡು ಬಂದಿವೆ. ಗ್ನೋಮ್, ಕೆಡಿಇ ಮೊದಲಾದ ಮುಕ್ತ ತಂತ್ರಾಂಶ ಪರಿಸರಗಳನ್ನು ಕನ್ನಡಿಸಿದವರು ಸ್ವಯಂಸೇವಕರು. ಪಡೆದುದಕ್ಕೆ ಪ್ರತಿಯಾಗಿ ವಿಭಾಗಗಳು ಕೊಡಬಹುದಾದುದು ಶುದ್ಧಪಾಠ.

ಅದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರು ಒಂದು ಸಣ್ಣ ಕೈಪಿಡಿಯನ್ನು ಆಯ್ದುಕೊಂಡು ಆರಂಭಿಸಬಹುದು. 1963ರಲ್ಲಿ ಸ್ಥಾಪನೆಯಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿಯೇ ಇರುವುದರಿಂದ ತಾಂತ್ರಿಕ ಅರ್ಥವನ್ನು ಖಚಿತಪಡಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಕೆಲಸದ ಕ್ರಮ ಹೀಗಿರಬಹುದು: ಒಂದು ಪರಿಕಲ್ಪನೆಗೆ ಒಂದೇ ಪದ, ವಿಧಿ, ನಿಷೇಧ, ಐಚ್ಛಿಕಗಳಿಗೆ ನಿಗದಿಯಾದ ಕ್ರಿಯಾರೂಪ, ಆಜ್ಞೆ ಮತ್ತು ಹೆಸರುಗಳ ಮೂಲರೂಪದ ರಕ್ಷಣೆ, ಒಂದಕ್ಷರದ ಅಂತರವಿರುವ ವಿರುದ್ಧ ಪದಗಳ ಎಚ್ಚರಿಕೆಯ ಪಟ್ಟಿ, ಪ್ರತಿಯೊಂದು ತಿದ್ದುಪಡಿಗೂ ಕಾರಣದ ದಾಖಲೆ. ತಿದ್ದಿದ ಪಾಠವನ್ನು ಯಂತ್ರದ ಮುಂದೆ ಕೆಲಸ ಮಾಡುವ ಒಬ್ಬರಿಂದ ಓದಿಸಿ, ಅವರು ಸೂಚನೆಯಂತೆ ನಡೆದಾಗ ಕೆಲಸ ಕೈಗೂಡುತ್ತದೆಯೇ ಎಂದು ನೋಡುವುದು ಕೊನೆಯ ಪರೀಕ್ಷೆ. ಎಂ.ಎ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪ್ರಾಯೋಗಿಕ ಅಭ್ಯಾಸವಾಗಿ ಇದನ್ನು ನೀಡಬಹುದು. ಹಸ್ತಪ್ರತಿ ಭಂಡಾರ ಹತ್ತಿರವಿಲ್ಲದ ಕಾಲೇಜಿನಲ್ಲಿಯೂ ಈ ಸಾಮಗ್ರಿ ಲಭ್ಯವಿದೆ.

ೞಕಾರದ ಹೆಸರನ್ನು ಇನ್ನು ತಿದ್ದಲಾಗದು. ಕೈಪಿಡಿಗಳು ಹಾಗಲ್ಲ, ಅವು ಇನ್ನೂ ತಿದ್ದುವ ಹಂತದಲ್ಲಿವೆ. ಕನ್ನಡದ ಮಟ್ಟಿಗೆ ಅವುಗಳಲ್ಲಿ ಹೆಚ್ಚಿನವು ಬರೆಯುವ ಹಂತದಲ್ಲಿಯೇ ಇವೆ. ಪಾಠ ಸ್ಥಿರಗೊಳ್ಳುವ ಮೊದಲು ಅದರ ಬಳಿ ಇರುವುದು ಕನ್ನಡ ವಿಭಾಗಗಳ ಹೊಣೆ.